ಕಳಿಸುವ ಮೊದಲೇ ತಲುಪಿದ ಹಾಲು

ಭೀಮರಾಜ್‌ಗೆ ಕೆಲಸ ಗೊತ್ತಿತ್ತು, ಮನುಷ್ಯರನ್ನು ನಂಬುವುದು ಗೊತ್ತಿರಲಿಲ್ಲ. ಇದು ಬೆನ್ನ ಹಿಂದೆ ಆಡುವ ಮಾತಲ್ಲ, ಹೆಂಡತಿ ಸುನಂದ ನೆಂಟರೆದುರೇ ಹೇಳುತ್ತಿದ್ದಳು: "ಗ್ಯಾಸ್ ಆಫ್ ಮಾಡಿದೀನಿ ಅಂದ್ರೂ ಎದ್ದೋಗಿ ನೋಡ್ಕೊಂಡ್ ಬರ್ತಾರೆ. ನನ್ನ ಬಾಯಿಗಿಂತ ಒಲೆನೇ ನಿಜ ಹೇಳುತ್ತಂತೆ."

ಕ್ಯಾಲನೂರಿನ ಹಿಪ್ಪುನೇರಳೆ ಬೆಳೆಯುವ ಮನೆಯವನು. ಟಿವಿ ರಿಪೇರಿ ಕಲಿತ. ಜನ ಟಿವಿ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಕಂಪ್ಯೂಟರ್ ಕಲಿತ. ನಲವತ್ತೊಂಬತ್ತನೆಯ ವಯಸ್ಸಿಗೆ ಕೋಲಾರದ ಒಂದು ಖಾಸಗಿ ಡೈರಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ. ಹಳ್ಳಿ ಹಳ್ಳಿಯ ಕೇಂದ್ರಗಳಲ್ಲಿ ಯಾರು ಎಷ್ಟು ಹಾಲು ಹಾಕಿದರು ಎಂಬುದನ್ನು ಅಲ್ಲಿನ ಯಂತ್ರ ಕೋಲಾರಕ್ಕೆ ಕಳಿಸುತ್ತದೆ. ಯಾವ ದಾಖಲೆ ಯಾವಾಗ ಬಂತು, ಸೇರಿತೋ ತಿರಸ್ಕಾರವಾಯಿತೋ ಎಂಬುದನ್ನು ಸರ್ವರ್ ಸಾಲುಸಾಲಾಗಿ ಬರೆದಿಡುತ್ತದೆ. ಆ ಲಾಗ್ ಓದುವುದೇ ಅವನ ದಿನ. ಫೋನಿನಲ್ಲಿ ಯಾರಾದರೂ ಗೋಳಾಡಿದರೆ, "ಲಾಗ್ ನೋಡಿ ಹೇಳ್ತೀನಿ" ಎಂದು ಇಟ್ಟುಬಿಡುತ್ತಿದ್ದ.

ಆ ಗುರುವಾರ ಮ್ಯಾನೇಜರ್ ಮುರಳಿಮೋಹನ್ ಅವನ ಮೇಜಿನ ಮೇಲೆ ಕೈಯೂರಿ ನಿಂತ. ಸುಗಟೂರಿನ ಆಚೆಯ ಒಂದು ಹಳ್ಳಿಯ ಕೇಂದ್ರದಿಂದ ಬರುವ ಕ್ಯಾನುಗಳಲ್ಲಿ ದಾಖಲೆಗಿಂತ ಹಾಲು ಹೆಚ್ಚಿತ್ತು.

"ಹಾಲು ಹೆಂಗೆ ಹೆಚ್ಚಾಗುತ್ತೆ ಭೀಮರಾಜ್ ಅವರೇ? ಹಸು ಕೊಟ್ಟಿಲ್ಲ ಅಂದ್ರೆ ಬೋರ್‌ವೆಲ್ ಕೊಟ್ಟಿರ್ಬೇಕು."

"ಪರೀಕ್ಷೇಲಿ ನೀರು ಸಿಕ್ತಾ?"

"ಇಲ್ಲ. ಅದಕ್ಕೇ, ಹೊರಗಿನ ಹಾಲು ಸೇರಿಸ್ತಿರ್ಬೇಕು ಆಯಮ್ಮ. ಸಂಜೆ ಏಳರೊಳಗೆ ಬೇರೆ ಕಾರಣ ಸಿಕ್ರೆ ಹೇಳಿ. ಇಲ್ದಿದ್ರೆ ನಾಳೆಯಿಂದ ಅಲ್ಲಿಗೆ ಗಾಡಿ ಕಳ್ಸಲ್ಲ."

ಆಯಮ್ಮ ಎಂದರೆ ಆ ಕೇಂದ್ರ ನಡೆಸುವ ಆದಿಲಕ್ಷ್ಮಮ್ಮ. ಗಾಡಿ ನಿಂತರೆ ಅವಳ ಹೆಸರು ಹೋಗುತ್ತದೆ, ಮೂವತ್ತು ಮನೆಯವರು ಕ್ಯಾನು ಹೊತ್ತು ಪಕ್ಕದೂರಿನ ಕೇಂದ್ರಕ್ಕೆ ನಾಲ್ಕು ಕಿಲೋಮೀಟರ್ ನಡೆಯಬೇಕಾಗುತ್ತದೆ.

ಭೀಮರಾಜ್ ಲಾಗ್ ತೆರೆದ. ಆ ವಾರ ನಲವತ್ತಮೂರು ದಾಖಲೆ ತಿರಸ್ಕಾರವಾಗಿದ್ದವು. ಹೆಚ್ಚಾದ ಹಾಲು ಅವುಗಳದ್ದೇ ಇರಬಹುದು, ಆದರೆ ಕಾರಣ ಬರೆದಿರಲಿಲ್ಲ. ಎದ್ದು ನೀರು ಕುಡಿದ, ಕೂತ, ಮತ್ತೆ ಎದ್ದ. ನೆಟ್‌ವರ್ಕ್ ಕೈಕೊಟ್ಟ ಹೊತ್ತಿನಲ್ಲಿ ಆ ಊರಿನ ದಾಖಲೆಗಳು ತೆಪ್ಪಗೆ ಸೇರಿಕೊಂಡಿದ್ದವು. ನೆಟ್‌ವರ್ಕ್ ಚೆನ್ನಾಗಿದ್ದ ಎರಡು ಹೊತ್ತಿನವು ಮಾತ್ರ ಎಲ್ಲವೂ ಹೊರಗೆ. ಇದು ತಲೆಕೆಳಗಾದ ಲೆಕ್ಕ. ಕಳ್ಳತನ ಮಾಡುವವರು ನೆಟ್‌ವರ್ಕ್ ನೋಡಿಕೊಂಡು ಮಾಡುತ್ತಾರೆಯೇ? ಮಾಡಲೂಬಹುದು ಎಂದುಕೊಂಡ. ಮೂರು ಗಂಟೆಯವರೆಗೆ ಅದೇ ಸಾಲುಗಳನ್ನು ಮೇಲೆ ಕೆಳಗೆ ಎಳೆದಾಡಿ, ಕೊನೆಗೆ ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿ ಬೈಕ್ ಹತ್ತಿದ.

ಕೇಂದ್ರದಲ್ಲಿ ಸಂಜೆಯ ಹಾಲು ಶುರುವಾಗಿತ್ತು. ಆದಿಲಕ್ಷ್ಮಮ್ಮ ಅವನ ಕಡೆ ತಿರುಗಲಿಲ್ಲ.

"ಬಾರಪ್ಪ. ನೀರು ಹುಡುಕಕ್ ಬಂದ್ಯಾ? ಕೊಳಾಯಿ ಹಿಂದ್ಗಡೆ ಇದೆ, ಹೋಗ್ ನೋಡ್ಕೊ."

"ಯಂತ್ರ ನೋಡಕ್ ಬಂದೆ ಕಣಮ್ಮ."

"ಅದನ್ನಾದ್ರೂ ನಂಬ್ತೀಯಲ್ಲ!" ಸಾಲಿನಲ್ಲಿದ್ದ ಹೆಂಗಸರು ನಕ್ಕರು.

ಯಂತ್ರದ ಪರದೆ ಐದು ಐವತ್ತು ಎಂದಿತು. ಭೀಮರಾಜ್‌ನ ಫೋನು ಐದೂವರೆ ಎಂದಿತು.

"ಅಮ್ಮಾ, ಈ ಟೈಮು ಯಾರಿಟ್ಟಿದ್ದು?"

"ನಾನೇ. ನಮ್ಮೂರಲ್ಲಿ ಎಲ್ಲಾರ ಮನೆ ಗಡಿಯಾರಾನೂ ಮುಂದೇನೇ ಇರುತ್ತೆ. ಗಾಡಿಯವನು ಒಂದ್ ನಿಮಿಷ ನಿಲ್ಲಲ್ಲ. ಸರಿಯಾದ ಟೈಮ್ ಇಟ್ರೆ ಈ ಕದಿರಮ್ಮ ಗಾಡಿ ಹೋದ್ಮೇಲೆ ಬರ್ತಾಳೆ."

"ನನ್ನನ್ಯಾಕೆ ಎಳೀತೀಯ, ನೀನಿಟ್ಟ ಟೈಮಿಗೇ ಬಂದಿದೀನಲ್ಲೇ!" ಎಂದಳು ಸಾಲಿನಿಂದ ಕದಿರಮ್ಮ.

ಭೀಮರಾಜ್ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಲಾಗಿನಲ್ಲಿ ಪ್ರತಿ ದಾಖಲೆಗೂ ಎರಡು ಸಮಯ ಇರುತ್ತದೆ: ಯಂತ್ರ ಕಳಿಸಿದ್ದು, ಸರ್ವರ್‌ಗೆ ತಲುಪಿದ್ದು. ಎರಡನೆಯದನ್ನು ಪರದೆಯಲ್ಲಿ ಜಾಗ ಸಾಲದೆಂದು ಅವನು ಎಂದೋ ಮರೆಮಾಡಿದ್ದ. ಈಗ ತೆರೆದ. ನಿನ್ನೆ ಸಂಜೆ ಐದು ಐವತ್ತಕ್ಕೆ ಕಳಿಸಿದ ಹಾಲು ಐದೂವರೆಗೆ ತಲುಪಿತ್ತು. ಸರ್ವರ್‌ನ ಗಡಿಯಾರಕ್ಕಿಂತ ಹತ್ತು ನಿಮಿಷಕ್ಕೂ ಹೆಚ್ಚು ಮುಂದಿನ ಸಮಯ ಹೊತ್ತ ದಾಖಲೆಯನ್ನು ಸೇರಿಸಬಾರದು ಎಂಬ ನಿಯಮ ಈ ಸೋಮವಾರ ಹಾಕಿದ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯ ಜೊತೆ ಬಂದಿತ್ತು. ಆ ನಿಯಮಗಳನ್ನು ಓದಿ ಸಹಿ ಹಾಕಿದವನು ಭೀಮರಾಜ್. ನೆಟ್‌ವರ್ಕ್ ಸತ್ತಾಗ ದಾಖಲೆ ಒಂದು ಗಂಟೆ ತಡವಾಗಿ, ಆ ಸಮಯ ದಾಟಿದ ಮೇಲೆ ಬಂದು ಬಚಾವಾಗುತ್ತಿತ್ತು, ಅಷ್ಟೆ.

ಯಂತ್ರದ ಸಮಯ ಸರಿಮಾಡಿ ಮುರಳಿಮೋಹನ್‌ಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಹೇಳಿದ. ಆ ಕಡೆಯಿಂದ: "ಸರಿ. ಆದ್ರೆ ಆ ನಲವತ್ತಮೂರೂ ಇವತ್ತೇ ತುಂಬಬೇಕು. ಖಾಲಿ ಬಿಟ್ರೆ ನಾನು ಮೇಲಿನವ್ರಿಗೆ ಏನಂತ ತೋರ್ಸಲಿ? ಗಾಡಿ ನಿಲ್ಸೋದೇ."

ತುಂಬುವುದು ಎಲ್ಲಿಂದ? ತಿರಸ್ಕಾರವಾದ ದಾಖಲೆಯಲ್ಲಿ ಹಾಲು ಹಾಕಿದವರ ಗುರುತಿನ ಸಂಖ್ಯೆಯನ್ನಷ್ಟೇ ಲಾಗ್ ಉಳಿಸಿಕೊಂಡಿತ್ತು, ಲೀಟರನ್ನಲ್ಲ. ಯಂತ್ರವು ಕಳಿಸಿದ್ದನ್ನು ಕೂಡಲೇ ಅಳಿಸುತ್ತದೆ. ಹಾಲು ಹಾಕಿದವರಿಗೆ ಯಂತ್ರ ಅಚ್ಚು ಹಾಕಿ ಕೊಡುವ ಚೀಟಿಯ ಕಾಗದ ಮುಗಿದು ವಾರವಾಗಿತ್ತು. ಕೋಲಾರದಿಂದ ಹೊಸ ಸುರುಳಿ ಬಂದಿರಲಿಲ್ಲ. ಕ್ಯಾನುಗಳ ಒಟ್ಟು ತೂಕ ಗೊತ್ತಿತ್ತು, ಯಾರದು ಎಷ್ಟೆಂದು ಗೊತ್ತಿರಲಿಲ್ಲ. ಭೀಮರಾಜ್ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದ. ಆರೂ ಕಾಲಾಗಿತ್ತು.

"ಏನಪ್ಪಾ ಹಂಗೆ ಸುತ್ತಾಡ್ತೀಯ? ನನ್ನ ಕೇಳು, ಹೇಳ್ತೀನಿ," ಎಂದಳು ಆದಿಲಕ್ಷ್ಮಮ್ಮ.

"ಎರಡು ಹೊತ್ತಿನದು ಬಾಯಲ್ಲಿ ಹೇಳ್ತೀಯಾ?"

"ಹನ್ನೊಂದು ವರ್ಷದಿಂದ ಅಳೀತಿದೀನಿ. ಬರ್ಕೊ. ಮಂಗಳವಾರ ಬೆಳಿಗ್ಗೆ ಕದಿರಮ್ಮಂದು ಎರಡೂವರೆ ಲೀಟ್ರು. ದಿನಾ ನಾಲ್ಕು ಹಾಕ್ತಾಳೆ. ಅವತ್ತು ಕರು ಹಗ್ಗ ಬಿಚ್ಕೊಂಡು ಕುಡ್ದುಬಿಟ್ಟಿತ್ತು."

ಕದಿರಮ್ಮ ಕರುವಿಗೊಂದು ಬೈಗುಳ ಹಾಕಿ, ಹೌದೆಂದು ತಲೆಯಾಡಿಸಿದಳು.

ಭೀಮರಾಜ್ ಎರಡೂವರೆ ಎಂದು ತುಂಬಿದ. ಮುಂದಿನ ಖಾನೆ 'ಆಧಾರ'. ಅಲ್ಲಿ ಚೀಟಿಯ ಸಂಖ್ಯೆ ಹಾಕಬೇಕು. ಅವನ ಬೆರಳು ಕೀಲಿಗಳ ಮೇಲೆ ನಿಂತಿತು. ಆಮೇಲೆ 'ಆದಿಲಕ್ಷ್ಮಮ್ಮ ಹೇಳಿದ್ದು' ಎಂದು ಬರೆದು, ಹೊಣೆಗಾರರ ಖಾನೆಯಲ್ಲಿ ತನ್ನ ಹೆಸರು ಹಾಕಿ ಒತ್ತಿದ. ಲಾಗಿನಲ್ಲಿ ಒಂದು ಸಾಲು ಸೇರಿತು. ಇನ್ನು ಅದನ್ನು ಅಳಿಸಲು ಅವನಿಂದಲೂ ಆಗದು.

"ಮುಂದೆ ಯಾರಮ್ಮ?" ಎಂದ.