ಕೊನೆಯ ಬೆಂಚಿಗೆ ಕೇಳಿಸುವ ಹಟ

ಭದ್ರಾವತಿಯ ಕಾಗದನಗರದ ಕಾರ್ಖಾನೆಯಲ್ಲಿ ನೌಕರಿಯುದ್ದಕ್ಕೂ ತಿರುಳು, ರಟ್ಟು ಮುಟ್ಟಿಕೊಂಡೇ ಇದ್ದವನು ನಾನು. ಹಾಗಾಗಿ ಶಿವಮೊಗ್ಗದ ಹಳೆಯ ಥಿಯೇಟರನ್ನು ದುರಸ್ತಿ ಮಾಡಿಸುತ್ತಿದ್ದ ಇಂಜಿನಿಯರು ಗೋಡೆಯ ಹಲಗೆಗಳನ್ನೆಲ್ಲ ಗುಜರಿಗೆ ಹಾಕಲು ಹೊರಟಾಗ ಸುಮ್ಮನಿರಲು ಆಗಲಿಲ್ಲ. ಕರೆಯದಿದ್ದರೂ ಒಳಗೆ ಹೋಗಿ ಒಂದು ಚೂರು ಮುರಿದು ತೋರಿಸಿದೆ. "ಇದು ಕಬ್ಬಿನ ಸಿಪ್ಪೆ ರಟ್ಟು ಸಾರ್. ಗೋಡೆಗೆ ಬಡಿದ ದನೀನ ನುಂಗುತ್ತೆ. ಕಿತ್ರೆ ಮಾತೆಲ್ಲ ಗುಂಯ್ ಅನ್ನುತ್ತೆ."

ನನಗೆ ಸ್ವಂತ ಕಾರಣವೂ ಇತ್ತು. ಆ ಕಟ್ಟಡ ಮೊದಲು ನಾಟಕದ ಮನೆ, ಆಮೇಲೆ ಟಾಕೀಸು, ಕೊನೆಗೆ ಗೊಬ್ಬರದ ಗೋದಾಮು. ನಾಟಕದ ಕಾಲದಲ್ಲಿ ನನ್ನ ಹೆಂಡತಿ ಅಲ್ಲಿ ಕೊನೆಯ ಬೆಂಚಿನ ಕಾಯಂ ಗಿರಾಕಿ. ಈಗಿನ ಮೈಕಿನ ಅಬ್ಬರದಲ್ಲಿ ಒಂದು ಮಾತೂ ಹಿಡಿಯದೆ ನಾಟಕವನ್ನೇ ಬಿಟ್ಟಿದ್ದಳು. ಅದೇ ಬೆಂಚಿನಲ್ಲಿ ಮೈಕಿಲ್ಲದೆ ನಾಟಕ ಕೇಳಿಸುತ್ತೇನೆಂದು ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೆ.

ಇಂಜಿನಿಯರು ಒಪ್ಪಿದರು, ಹಲಗೆ ಉಳಿಯಿತು. ಅಲ್ಲಿಗೆ ನಾನು ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಆದರೆ ಕಾಗದಕ್ಕೆ ನೀರು ತಾಗಬಾರದು ಎನ್ನುವುದು ನನ್ನ ರಕ್ತದಲ್ಲೇ ಇದೆ. ಹಲಗೆಗಳಿಗೆ ಶೀತ ಹಿಡಿಯದಿರಲಿ ಎಂದು ಖುದ್ದು ನಿಂತು ಎರಡು ಕೋಟು ಎಣ್ಣೆಬಣ್ಣ ಹೊಡೆಸಿದೆ. ಗೋಡೆ ಮಿರಮಿರ ಮಿಂಚಿತು.

ಭದ್ರಾವತಿಯಿಂದ ಬಸ್ಸಿನಲ್ಲಿ ಹೆಂಡತಿಯನ್ನು ಕರೆತಂದು ಕೊನೆಯ ಬೆಂಚಿನಲ್ಲಿ ಕೂರಿಸಿ, ರಂಗದ ಮೇಲೆ ನಿಂತು ಪೇಪರು ಓದಿದೆ.

"ಎಂತದೂ ತಿಳೀಲಿಲ್ಲ ಮಾರಾಯ್ರೆ. ಬಾವಿಯೊಳಗೆ ಕೂಗಿದ ಹಂಗಾಯ್ತು," ಎಂದಳು.

ನಿನ್ನ ಕಿವಿಯದೇ ದೋಷ ಎಂದು ಕೆಲಸದವರೆಲ್ಲರ ಎದುರು ರೇಗಿದೆ. ಊರು ಮುಟ್ಟುವವರೆಗೂ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು.

ಊಟಕ್ಕೆ ಕೂತಾಗ ಹೊಳೆಯಿತು. ದನಿ ನುಂಗಬೇಕಾದ ರಟ್ಟಿನ ಬಾಯಿಗೆ ಬಣ್ಣ ಬಳಿದು ಮುಚ್ಚಿದವನು ನಾನೇ. ಮರುದಿನವೇ ಹೋಗಿ ಹಲಗೆಗಳನ್ನೆಲ್ಲ ಬಿಚ್ಚಿಸಿ ತಿರುಗಿಸಿ ಹಾಕಿಸಿದೆ: ಬಣ್ಣದ ಮೈ ಗೋಡೆಗೆ, ಬರಿಯ ಕಂದು ಮೈ ಜನರಿಗೆ. ನೋಡಲು ಗೋಣಿಚೀಲದ ಹಾಗಿತ್ತು. ಇಂಜಿನಿಯರು ಕಾರಣ ಕೇಳಿದಾಗ ಗೋಡೆಯ ಶೀತದ ನೆಪ ಹೇಳಿ ಪಾರಾದೆ.

ಎರಡನೇ ಸಲ ಅವಳು ಬಂದದ್ದೇ ದೊಡ್ಡದು. ಮುಖ ಗಂಟು ಹಾಕಿಕೊಂಡು ಅದೇ ಬೆಂಚಿನಲ್ಲಿ ಕೂತಳು. ರಂಗದ ಮೇಲೆ ಹತ್ತಿದ ಮೇಲೆ ಗೊತ್ತಾಯಿತು, ಪೇಪರನ್ನು ಬಸ್ಸಿನಲ್ಲೇ ಬಿಟ್ಟುಬಂದಿದ್ದೆ. ಓದಲು ಏನೂ ಇಲ್ಲ. ಮದುವೆಯಾದಾಗಿನಿಂದ ಅವಳಿಗೆ ಒಮ್ಮೆಯೂ ಹೇಳದಿದ್ದ ಮಾತನ್ನು, ನನಗೆ ನಾನೇ ಹೇಳಿಕೊಂಡಷ್ಟು ಮೆಲ್ಲಗೆ ಹೇಳಿದೆ.

"ತಪ್ಪು ನಂದೇ ಕಣೆ. ನಿನ್ನ ಕಿವೀದಲ್ಲ."

ಕೊನೆಯ ಬೆಂಚಿನಿಂದ ದನಿ ಬಂತು: "ಕೇಳ್ತು. ಇನ್ನೊಂದ್ಸಲ ಹೇಳಿ."