ಮೂರು ದಿನದ ಪಥ್ಯ

ಮಾರ್ಚ್ ಹನ್ನೊಂದು, ಬೆಳಿಗ್ಗೆ ಆರೂವರೆ. ಸಕ್ಕರೆಯಿಲ್ಲದ ಕಾಫಿಯ ಮೊದಲ ಗುಟುಕಿಗೆ ಮುಖ ಹಿಂಡಿಕೊಂಡು ಅಪ್ಪ ಪಥ್ಯ ಶುರು ಮಾಡಿದ. ಹದಿನಾಲ್ಕಕ್ಕೆ ರಕ್ತಪರೀಕ್ಷೆ. ಪಥ್ಯ ಮುಗಿಯುವುದೂ ಅಂದೇ ಎಂದು ಗೊತ್ತಿದ್ದರಿಂದ ಎರಡು ತಾರೀಖನ್ನೂ ದಿನಚರಿಯಲ್ಲಿ ಒಟ್ಟಿಗೇ ಬರೆದಿಟ್ಟೆ. ಇಂಥ ಪಥ್ಯ ಇದು ಐದನೆಯದು.

ಅಪ್ಪನ ಬಲಗಣ್ಣಿಗೆ ಪೊರೆ ಬಂದಿದೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದಮೇಲೆಯೇ ಆಪರೇಷನ್ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಗೇಟಿನಲ್ಲಿ ನಿಂತವರು ಬಾಡಿಗೆಯವರೋ ನೆಂಟರೋ ತಿಳಿಯದೆ ಅಪ್ಪ ಎಲ್ಲರಿಗೂ ಒಂದೇ ನಗು ನಗುತ್ತಾನೆ. ಅಂಥ ಕಣ್ಣಿಗಾಗಿಯೂ ಮೂರು ದಿನಕ್ಕಿಂತ ಹೆಚ್ಚು ಬಾಯಿ ಕಟ್ಟಲಾರ.

ಹೊರಮಾವಿನಲ್ಲಿ ನಮಗೆ ಹೊಲವಿತ್ತು. ಈಗ ಅದರ ಮೇಲೆ ಬಾಡಿಗೆ ಮನೆಗಳಿವೆ. ನೇಗಿಲು ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ; ಮುದ್ದೆಯ ಗಾತ್ರ ಮಾತ್ರ ಉತ್ತು ಬಂದವನಿಗೆ ಇಕ್ಕುವಷ್ಟೇ ಉಳಿದಿದೆ. ಅಪ್ಪ ಈಗ ಉಳುವುದು ಪ್ಲಾಸ್ಟಿಕ್ ಕುರ್ಚಿಯನ್ನು. ಸಾಲದ್ದಕ್ಕೆ, ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂದು ಪಾರ್ಕಿನ ಗೆಳೆಯನೊಬ್ಬ ಹೇಳಿಬಿಟ್ಟ. ಅಂದಿನಿಂದ ಎರಡಿದ್ದ ಮುದ್ದೆ ಮೂರಾಯಿತು. ಈ ಗೆಳೆಯ ಒಂದು ಸುತ್ತು ನಡೆದು, ಒಂದು ಗಂಟೆ ಬೆಂಚಿನಲ್ಲಿ ಕೂತು ಹಾಗಲಕಾಯಿ ರಸದ ಗುಣಗಾನ ಮಾಡಿ, ಎದುರಿನ ಗಾಡಿಯಲ್ಲಿ ವಡೆ ತಿಂದು ಮನೆಗೆ ಹೋಗುವವನು.

ಹದಿನಾಲ್ಕರಂದು ಬಾಣಸವಾಡಿಯ ಲ್ಯಾಬಿಗೆ ಅವನೂ ಬಂದ. ಅಪ್ಪ ರಕ್ತ ಕೊಟ್ಟು, ತೋಳಿನ ಹತ್ತಿ ಇನ್ನೂ ಒತ್ತಿ ಹಿಡಿದೇ ಗೆಳೆಯನ ಜೊತೆ ಎದುರಿನ ಹೋಟೆಲಿಗೆ ನುಗ್ಗಿದ.

"ಪಾಸಾದೆ ಬಿಡು ಗುರು. ಒಂದು ಮಸಾಲೆ ಹೇಳೋಣ್ವಾ?"

"ಒಂದ್ಯಾಕೆ? ಮೂರು ದಿನದಿಂದ ಉಪವಾಸ ಇದ್ದೀನಿ," ಎಂದ ಅಪ್ಪ.

"ಅಪ್ಪಾ, ರಿಪೋರ್ಟೇ ಬಂದಿಲ್ಲ," ಎಂದೆ.

"ಬರತ್ತೆ. ನೀನೇನು ಆಡಿಟರಾ?"

ಎರಡು ಮಸಾಲೆ ದೋಸೆ, ಒಂದು ಕೇಸರಿಬಾತ್. ಮೂರು ದಿನ ಬಿಟ್ಟಿದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ಸರಿದೂಗಿಸಿದ.

ಹಿಂದಿನ ನಾಲ್ಕು ಸಲ ಖಾಲಿ ಹೊಟ್ಟೆಯ ಪರೀಕ್ಷೆಯಷ್ಟೇ ಆಗಿತ್ತು. ಸಂಜೆ, ಸಕ್ಕರೆ ಕಾಯಿಲೆ ನೋಡುವ ಡಾಕ್ಟರಮ್ಮ ಈ ಸಲದ ರಿಪೋರ್ಟಿನ ಎರಡನೆಯ ಹಾಳೆಯನ್ನೂ ತಿರುವಿದರು.

"ಖಾಲಿ ಹೊಟ್ಟೇದು ಚೆನ್ನಾಗೇ ಇದೆ. ಆದ್ರೆ ಇದು ಮೂರು ತಿಂಗಳ ಸರಾಸರಿ ಹೇಳತ್ತೆ. ತುಂಬಾ ಜಾಸ್ತಿ ಇದೆ. ಏನ್ ತಿಂತಿದ್ರಿ?"

"ಆ ಟೆಸ್ಟ್ ಮಾಡೋಕೆ ಯಾರು ಹೇಳಿದ್ದು?"

"ನಾನೇ. ಕಣ್ಣಿನವರು ಇದನ್ನೇ ಕೇಳೋದು. ಆಪರೇಷನ್ ಈಗ ಆಗಲ್ಲ, ಮೂರು ತಿಂಗಳು ಬಿಟ್ಟು ನೋಡೋಣ."

ಆಟೋದಲ್ಲಿ ಅಪ್ಪ ಬೈದದ್ದು ಲ್ಯಾಬಿನವರನ್ನು. ಮುದ್ದೆಗೂ ದೋಸೆಗೂ ಒಂದು ಬೈಗುಳವೂ ಬೀಳಲಿಲ್ಲ.

ರಾತ್ರಿ ಅಮ್ಮ ಮುದ್ದೆಯನ್ನು ಅರ್ಧಕ್ಕಿಳಿಸಿ, ಉಳಿದ ಜಾಗಕ್ಕೆ ಹುರುಳಿಕಾಯಿ ಪಲ್ಯ ತುಂಬಿ, ಸೊಪ್ಪಿನ ಸಾರು ಬಿಟ್ಟಳು. ಕಣ್ಣಿಗೆ ಮೋಸ ಮಾಡಬಹುದಿತ್ತು, ಆದರೆ ಅಪ್ಪ ಮುದ್ದೆಯನ್ನು ಕೈಯಲ್ಲಿ ಎತ್ತಿ ತೂಗಿದ.

"ಇದೇನೇ, ಮಗೂಗೆ ಕಟ್ಟಿದ್ದಾ?"

"ನಾಳೆ ಉಳೋಕೆ ಹೋಗ್ತೀರಾ ಹೇಳಿ, ದೊಡ್ಡದು ಕಟ್ತೀನಿ."

ಅಪ್ಪ ತಿಂದ, ಪಲ್ಯವನ್ನು ಅಂಚಿಗೆ ತಳ್ಳಿ ಎದ್ದ. ಮರುದಿನ, ಅದರ ಮರುದಿನವೂ ಹಾಗೇ. ಈಗ ಏಪ್ರಿಲ್. ಪಲ್ಯ ಒಂದಿಷ್ಟು ಹೊಟ್ಟೆ ಸೇರುತ್ತಿದೆ, ಮುನಿಸಿನ ಜೊತೆಗೆ. ಆದರೆ ವಾಕಿಂಗಿನಿಂದ ಬಂದ ಅಂಗಿಗೆ ವಾರದಲ್ಲಿ ಎರಡು ಸಲವಾದರೂ ವಡೆಯ ಎಣ್ಣೆಯ ವಾಸನೆ. ಜೂನಿನಲ್ಲಿ ಮತ್ತೆ ಪರೀಕ್ಷೆ. ಈ ನಡುವೆ ಎಡಗಣ್ಣೂ ಮಬ್ಬಾಗುತ್ತಿದೆ.

ಹೊಲ ಹೋದಮೇಲೆ ಮುದ್ದೆಯನ್ನೂ ಚಿಕ್ಕದು ಮಾಡಿ, ಜಗಳವಿಲ್ಲದೆ ಉಣ್ಣುತ್ತಿರುವ ಮನೆ ಎಲ್ಲಾದರೂ ಇದ್ದರೆ, ಹೇಗೆ ಸಾಧ್ಯವಾಯಿತೆಂದು ದಯವಿಟ್ಟು ನನಗೆ ಬರೆದು ತಿಳಿಸಿ. ಪಾರ್ಕಿನ ಗೆಳೆಯರು ಬರೆಯುವುದು ಬೇಡ.