ಸಾಗರದ ಲಾಡ್ಜಿನ ಫೋನೂ ಪಕ್ಕದ ಮನೆಯ ಅಕ್ಕನೂ

ಸಾಗರದಲ್ಲಿ ನಾನು ಇಳಿದುಕೊಳ್ಳುತ್ತಿದ್ದ ಲಾಡ್ಜಿನ ಬೋರ್ಡಿನಲ್ಲಿ ಲಾಡ್ಜಿನ ಹೆಸರಿಗಿಂತ ದಪ್ಪ ಅಕ್ಷರಗಳಲ್ಲಿ 'ಟೆಲಿಫೋನ್ ಸೌಕರ್ಯವಿದೆ' ಎಂದು ಬರೆಸಿದ್ದರು. ಸೌಕರ್ಯ ಯಾರಿಗೆ ಎಂದು ಬರೆಸಿರಲಿಲ್ಲ. ಫೋನು ಇದ್ದದ್ದು ಕೆಳಗೆ ಮ್ಯಾನೇಜರರ ಮೇಜಿನ ಮೇಲೆ, ಒಂದು ಮರದ ಪೆಟ್ಟಿಗೆಯೊಳಗೆ. ಪೆಟ್ಟಿಗೆಗೆ ಬೀಗ, ಬೀಗದ ಕೈ ಮ್ಯಾನೇಜರರ ಜನಿವಾರದಲ್ಲಿ. ನಮಗೆ ಟ್ರಂಕ್ ಕಾಲ್ ಬೇಕೆಂದರೆ ಅವರು ಊಟಕ್ಕೆ ಹೋಗಿರಬಾರದು, ಸ್ನಾನಕ್ಕೆ ಹೋಗಿರಬಾರದು, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಮೇಲೆ ಸಿಟ್ಟಾಗಿರಬಾರದು. ಬಕೆಟ್ಟಿನ ಬಿಸಿನೀರು ತಣ್ಣಗಿದೆ ಎಂದು ನಾನು ಬೆಳಿಗ್ಗೆ ಗೊಣಗಿದ ದಿನ ಸಂಜೆ ಲೈನು ಸಿಗುತ್ತಿರಲಿಲ್ಲ.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಸಹಕಾರ ಸಂಘಗಳ ಲೆಕ್ಕ ತಪಾಸಣೆಯ ಕೆಲಸದಲ್ಲಿದ್ದೆ. ಮನೆ ತೀರ್ಥಹಳ್ಳಿಯಲ್ಲಿ, ತಿರುಗಾಟ ಸಾಗರ, ಹೊಸನಗರ, ಲಾಂಚಿನಲ್ಲಿ ಹಿನ್ನೀರು ದಾಟಿದರೆ ಬ್ಯಾಕೋಡು. ಮನೆಯಲ್ಲಿ ಹೈಸ್ಕೂಲು ಮೇಷ್ಟ್ರಾದ ಗಂಡ, ಮಂಡಿನೋವಿನ ಅತ್ತೆ, ಮತ್ತು ಆಗಷ್ಟೇ ಮೂರು ತುಂಬಿದ್ದ ಮಗಳು. ಸಂಘಗಳ ವರ್ಷದ ಲೆಕ್ಕ ಮುಗಿಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಮನೆ ಮುಟ್ಟಿದರೆ ಅದೇ ಪುಣ್ಯ. ಅಷ್ಟರಲ್ಲಿ ಮಗು ನನ್ನನ್ನು ಮರೆತುಬಿಡುತ್ತದೆ ಎಂಬ ಹೆದರಿಕೆ ನನಗೆ ಹಗಲೂ ರಾತ್ರಿಯೂ ಇತ್ತು. ನಗುವವರು ನಗಲಿ. ನನ್ನ ದನಿ ಆಗಾಗ ಅವಳ ಕಿವಿಗೆ ಬೀಳುತ್ತಿರಬೇಕು, ಇದಿಷ್ಟೇ ಆಗ ನನಗೆ ಬೇಕಾಗಿದ್ದದ್ದು.

ನಮ್ಮ ಮನೆಗೆ ಫೋನು ಇರಲಿಲ್ಲ. ಪಕ್ಕದ ಮನೆಗೆ ಇತ್ತು. ಅವರ ಯಜಮಾನರು ರಸ್ತೆ ಕಂಟ್ರಾಕ್ಟರು, ಎಂದೂ ಊರಿನಲ್ಲಿ ಇರುತ್ತಿರಲಿಲ್ಲ. ಅವರ ಹೆಂಡತಿ ಎಂದೂ ಮನೆ ಬಿಟ್ಟು ಹೋಗುತ್ತಿರಲಿಲ್ಲ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ಮಕ್ಕಳಿಬ್ಬರೂ ಶಿವಮೊಗ್ಗದ ಹಾಸ್ಟೆಲಿನಲ್ಲಿ. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಮಗಳು ದೊಡ್ಡಮ್ಮ ಎನ್ನುತ್ತಿದ್ದಳು. ಹಾಗೆ ಕರೆಯಲು ಕಲಿಸಿದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಅಲ್ಲ.

ಫೋನಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಅದನ್ನು ದೇವರ ಪೆಟ್ಟಿಗೆಯ ಹಾಗೆ ಇಟ್ಟುಕೊಂಡಿದ್ದರು ಅಕ್ಕ. ನನ್ನ ಕರೆ ಬಂದರೆ ಒಂದು ದಿನವೂ ಮುಖ ಗಂಟಿಕ್ಕಿದವರಲ್ಲ. ಬೇಲಿಯ ಹತ್ತಿರ ಬಂದು ಅತ್ತೆಯನ್ನು ಕೂಗಿ, ಮಗುವನ್ನು ತಾವೇ ಎತ್ತಿಕೊಂಡು ಹೋಗುತ್ತಿದ್ದರು. ಒಂದು ಕಾಸು ಮುಟ್ಟಿದವರಲ್ಲ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಪಟ್ಟವರಿಗೇ ಗೊತ್ತು. ಜಗಳ ತೆಗೆಯಲೂ ಒಂದು ನೆಪ ಬೇಕಲ್ಲ.

ಸಾಗರದಿಂದ ಕರೆ ಮಾಡುವುದೆಂದರೆ ಹೀಗೆ. ಸಂಘದಿಂದ ಬಂದವಳೇ ಮ್ಯಾನೇಜರರಿಗೆ ಹೇಳಿ ಎಕ್ಸ್‌ಚೇಂಜಿನಲ್ಲಿ ಬುಕ್ ಮಾಡಿಸಬೇಕು. ಆಮೇಲೆ ಕಾಯಬೇಕು. ಲೈನು ಯಾವ ಗಳಿಗೆಯಲ್ಲಿ ಬರುತ್ತದೋ ತಿಳಿಯದು, ಹಾಗಾಗಿ ಕಾಫಿಗೆ ಹೋಗುವಂತಿಲ್ಲ, ಕೋಣೆಗೆ ಹೋಗಿ ಸೀರೆ ಬದಲಿಸುವಂತಿಲ್ಲ. ಬರುವ ಹೋಗುವ ಗಂಡಸರೆಲ್ಲ ನೋಡುತ್ತಿರುವಾಗ ಬೆಂಚಿನ ತುದಿಯಲ್ಲಿ ಕೂತಿರಬೇಕು. ಮಾತು ಶಿವಮೊಗ್ಗವನ್ನು ಸುತ್ತಿಕೊಂಡು ತೀರ್ಥಹಳ್ಳಿಗೆ ಹೋಗುತ್ತದೆ ಎಂದು ಮ್ಯಾನೇಜರರು ಹೇಳುತ್ತಿದ್ದರು. ದಾರಿಯಲ್ಲಿ ಅರ್ಧ ಮಾತು ಇಳಿದುಹೋಗುತ್ತಿತ್ತೆಂದು ಕಾಣುತ್ತದೆ. ಕೊನೆಗೆ ಬಂದ ಲೈನಿನಲ್ಲಿ ಎಣ್ಣೆ ಕಾದ ಬಾಣಲೆಗೆ ಸಾಸಿವೆ ಹಾಕಿದ ಸದ್ದು, ಅದರಾಚೆ ಎಲ್ಲೋ ಅಕ್ಕನ ದನಿ. ಮೂರು ನಿಮಿಷ ಆದದ್ದೇ ಆಪರೇಟರ್ ನಡುವೆ ಬಾಯಿ ಹಾಕುತ್ತಿದ್ದಳು. ಎಕ್ಸ್‌ಚೇಂಜಿನ ದರದ ಮೇಲೆ ಲಾಡ್ಜಿನವರ ಸರ್ವಿಸ್ ಚಾರ್ಜು ಬೇರೆ. ನನ್ನ ದಿನಭತ್ಯೆಯ ದೊಡ್ಡ ಪಾಲನ್ನು ಆ ಸಾಸಿವೆ ಸದ್ದೇ ತಿಂದುಹಾಕುತ್ತಿತ್ತು. ಕರೆ ಮಾಡಿದ ದಿನ ನಾನು ಊಟ ಬಿಟ್ಟು ಅವಲಕ್ಕಿ ಮೊಸರಿನಲ್ಲಿ ಮುಗಿಸುತ್ತಿದ್ದೆ.

ಅದೇ ಲಾಡ್ಜಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಕಾಯಂ ಗಿರಾಕಿ. ಅವರಿಗೆ ಮ್ಯಾನೇಜರರು ಬೆಂಚಲ್ಲ, ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದರು. ಅರ್ಜೆಂಟ್ ಕಾಲ್ ಬುಕ್ ಮಾಡಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ಮಾತಾಡುವರು. ಸಂಜೆಯಿಂದ ಕೂತ ನನ್ನನ್ನು ದಾಟಿ ಅವರ ಲೈನು ಬರುತ್ತಿತ್ತು. ಅಡಿಕೆಯ ಧಾರಣೆಗೆ ಅರ್ಜೆಂಟು ಇತ್ತು, ನನ್ನ ಮಗುವಿಗೆ ಇರಲಿಲ್ಲ. ಆ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅದು ಸಣ್ಣ ಉರಿ. ದೊಡ್ಡದು ತೀರ್ಥಹಳ್ಳಿಯಲ್ಲಿತ್ತು.

ಮೊದಮೊದಲು ಮಗಳ ಕಿವಿಗೇ ರಿಸೀವರ್ ಹಿಡಿಸಲು ನೋಡಿದೆವು. ಒಳಗಿನ ಚಟಪಟ ಸದ್ದಿಗೆ ಬೆದರಿ ಅವಳು ಅತ್ತುಬಿಟ್ಟಳು. ಅಂದಿನಿಂದ ಅಕ್ಕ ಒಂದು ಪದ್ಧತಿ ಮಾಡಿಕೊಂಡರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೂಗಿಗೆ ರಿಸೀವರನ್ನು ತಮ್ಮ ಕಿವಿಯಿಂದ ಸ್ವಲ್ಪ ದೂರ ಹಿಡಿದು, ನಾನು ಹೇಳಿದ್ದನ್ನು ಕೇಳಿ ಮಗುವಿಗೆ ಹೇಳುವರು. ಮಗು ಹೇಳಿದ್ದನ್ನು ನನಗೆ ಹೇಳುವರು.

"ಊಟ ಮಾಡಿದ್ಯೇನೇ ಪುಟ್ಟೀ!" ಎಂದು ನಾನು ಸಾಗರದಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು.

"ಊಟ ಮಾಡಿದ್ಯೇನೇ ಪುಟ್ಟೀ..." ಎಂದು ಅಕ್ಕ ಅಲ್ಲಿ ಮೆತ್ತಗೆ, ಜೇನು ಸವರಿದ ಹಾಗೆ ಹೇಳುವುದು ನನಗೆ ಆ ಗದ್ದಲದಲ್ಲೂ ಹೇಗೋ ಕೇಳಿಸುತ್ತಿತ್ತು.

"ನೀನು ನನ್ನ ಚಿನ್ನ ಅಲ್ವಾ!" ಎಂದು ನಾನು.

"ನೀನು ನನ್ನ ಚಿನ್ನ ಅಲ್ವಾ," ಎಂದು ಅಕ್ಕ.

ಯಾರ ಚಿನ್ನ? ಆ ಮಾತಿನ ಮುಂದೆ 'ನಿನ್ನಮ್ಮ ಹೇಳ್ತಿದ್ದಾಳೆ' ಎಂದು ಸೇರಿಸಿದರೆ ಅಕ್ಕನ ಗಂಟೇನು ಹೋಗುತ್ತಿತ್ತು? ನಾನು ಹಗಲೆಲ್ಲ ಕೂಡಿಸಿಟ್ಟುಕೊಂಡ ಮುದ್ದು ಮಾತುಗಳೆಲ್ಲ ಅವರ ಬಾಯಿಂದ, ಅವರ ತೊಡೆಯ ಮೇಲೆ ಕೂತ ಮಗುವಿಗೆ ಹೋಗುತ್ತಿದ್ದವು. ದುಡ್ಡು ನನ್ನದು, ಮಾತು ನನ್ನದು, ಮಗು ನನ್ನದು. ಮುದ್ದು ಮಾತ್ರ ಅವರ ಪಾಲಿಗೆ. ನನ್ನ ಪಾಲಿಗೆ ಉಳಿದದ್ದು ಕೂಗಾಟ. ಮೆಲ್ಲಗೆ ಮಾತಾಡಿದರೆ ಅತ್ತ ಏನೂ ಕೇಳಿಸುತ್ತಿರಲಿಲ್ಲ.

ಒಂದು ಭಾನುವಾರ ಮನೆಯಲ್ಲಿದ್ದೆ. ಅಕ್ಕ ಒಂದು ಬಟ್ಟಲು ಪಾಯಸ ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತಿದ್ದರು. ನಾನು ಬಾಚಣಿಗೆ, ಎಣ್ಣೆ ತಂದಿಟ್ಟುಕೊಂಡು ಮಗಳನ್ನು ಕರೆದೆ.

"ಬಾರೇ ಪುಟ್ಟಿ, ತಲೆ ಬಾಚ್ತೀನಿ."

ಮಗಳು ನನ್ನನ್ನು ನೋಡಿದಳು. ಆಮೇಲೆ ತಿರುಗಿ ಅಕ್ಕನ ಮುಖ ನೋಡುತ್ತಾ ನಿಂತಳು. ಏತಕ್ಕೆ ನಿಂತಳೆಂದು ನನಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಕರೆದೆ. ಅವಳು ಅಕ್ಕನ ಬಾಯಿಯನ್ನೇ ನೋಡುತ್ತಿದ್ದಳು. ಅಕ್ಕನಿಗೂ ರೂಢಿ ಬಿದ್ದುಹೋಗಿತ್ತೋ ಏನೋ, ಯೋಚಿಸದೆ ಹೇಳಿಯೇಬಿಟ್ಟರು.

"ತಲೆ ಬಾಚ್ತಾಳಂತೆ, ಹೋಗು ಪುಟ್ಟೀ."

ಆಗ ಮಗಳು ಕುಣಿಯುತ್ತಾ ಬಂದು ನನ್ನ ಮುಂದೆ ಕೂತಳು.

ಅತ್ತೆ ನಕ್ಕರು, ಗಂಡ ನಕ್ಕರು, ಅಕ್ಕನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಂತಾ ಮಾರಾಯ್ತಿ, ನಿನ್ ಮಗಳಿಗೆ ನಾನೇ ಫೋನ್ ಆಗಿಬಿಟ್ನಲ್ಲ!" ಎಂದರು. ನಾನೂ ಹಲ್ಲು ಬಿಟ್ಟೆ. ಆದರೆ ಬೈತಲೆ ಸೊಟ್ಟಗಾಯಿತು. ಆ ದಿನ ಪಾಯಸವನ್ನು ಬಟ್ಟಲಲ್ಲೇ ಬಿಟ್ಟೆ. ಏಲಕ್ಕಿ ಹೆಚ್ಚಾಗಿದೆ ಎಂದು ಅತ್ತೆಯ ಹತ್ತಿರ ಹೇಳಿದೆ. ಏಲಕ್ಕಿ ಹದವಾಗಿಯೇ ಇತ್ತು.

ಸಾಗರಕ್ಕೆ ಮರಳಿದ ಮೇಲೆ ನನಗೆ ಒಂದೇ ಹಟ. ಮಗಳು ನನ್ನ ಮಾತನ್ನು ನನ್ನ ಬಾಯಿಂದಲೇ ಕೇಳಬೇಕು, ಮಧ್ಯೆ ಅಕ್ಕ ಇರಬಾರದು. ಅದಕ್ಕೆ ಸ್ವಚ್ಛವಾದ ಲೈನು ಬೇಕು. ಮ್ಯಾನೇಜರರನ್ನು ಕೇಳಿದರೆ, "ನಮ್ ಫೋನಿಗೆ ಎಂತ ಆಗಿದೆ ಮೇಡಂ, ಎಲ್ರೂ ಮಾತಾಡ್ತಾರಲ್ಲ," ಎಂದು ಮುಖ ತಿರುಗಿಸಿದರು. ಉತ್ತರ ಕೊಟ್ಟವರು ಆ ವ್ಯಾಪಾರಿ. ಎಲೆಯನ್ನು ಕೆನ್ನೆಗೆ ಒತ್ತರಿಸಿಕೊಂಡು, "ಹೊಸನಗರದ ಲಾಡ್ಜಲ್ಲಿ ಹೊಸಾ ಫೋನ್ ಹಾಕ್ಸಿದಾರೆ. ಪಕ್ಕದಲ್ಲಿ ಕೂತು ಮಾತಾಡ್ದಂಗೆ ಕೇಳ್ಸುತ್ತೆ. ರೇಟು ಮಾತ್ರ ಕತ್ತಿ," ಎಂದರು. ಅವರಿಗೆ ಸಾಗರದ ಕುರ್ಚಿಯೂ ಇತ್ತು, ಹೊಸನಗರದ ಸ್ಪಷ್ಟ ಫೋನೂ ಇತ್ತು. ಆದರೂ ಆ ದಿನ ಅವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಹೊಸನಗರದ ಸಂಘಗಳ ಸರದಿ ಬರುವವರೆಗೆ ಕಾದೆ. ತೀರ್ಥಹಳ್ಳಿಗೆ ಅದು ಹತ್ತಿರವೇ, ಆದರೆ ಕೆಲಸ ಮುಗಿಸಿ ಹೊರಬರುವಷ್ಟರಲ್ಲಿ ಕೊನೆಯ ಬಸ್ಸು ಹೋಗಿರುತ್ತಿತ್ತು, ಹಾಗಾಗಿ ಲಾಡ್ಜೇ ಗತಿ. ಅಲ್ಲಿನ ಫೋನು ನಿಜಕ್ಕೂ ಹೊಸದು. ಪೆಟ್ಟಿಗೆ ಇಲ್ಲ, ಬೀಗ ಇಲ್ಲ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಮ್ಯಾನೇಜರ್ ಹೇಳಿದ ದರ ಕೇಳಿ ಪರ್ಸಿನ ದುಡ್ಡನ್ನು ಇನ್ನೊಮ್ಮೆ ಎಣಿಸಿದೆ. ದೂರದ ಸಾಗರಕ್ಕಿಂತ ಹತ್ತಿರದ ಇಲ್ಲಿಂದ ದರ ಹೆಚ್ಚು ಯಾಕೆಂದು ಕೇಳಿದೆ. "ಕೇಳ್ಸುತ್ತಲ್ಲ ಮೇಡಂ, ಅದ್ಕೆ," ಎಂದರು. ಬುಕ್ ಮಾಡಿಸಿದೆ.

ಹಿಂದಿನ ದಿನವೇ ಗಂಡನಿಗೆ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದೆ, ಸಂಜೆ ಫೋನಿನ ಹತ್ತಿರ ಮಗುವನ್ನು ಕೂರಿಸಿರಬೇಕು, ರಿಸೀವರ್ ಅವಳ ಕೈಗೇ ಕೊಡಬೇಕು ಎಂದು. ಏನು ಮಾತಾಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಮಲಗಿಸುವಾಗ ಅವಳ ಕಿವಿಯ ಹತ್ತಿರ ಮಾತಾಡುವ ಹಾಗೆ, ಅಷ್ಟೇ ಮೆಲ್ಲಗೆ ಮಾತಾಡಬೇಕು. ಅಕ್ಕನ ಜೇನಿಗಿಂತ ನನ್ನದು ಏನು ಕಡಿಮೆ ಎಂದು ಅವರೂ ಪಕ್ಕದಲ್ಲಿ ಕೂತು ನೋಡಲಿ.

ಲೈನು ಬೇಗ ಬಂತು. ಸಾಸಿವೆ ಇಲ್ಲ, ಗಾಳಿ ಇಲ್ಲ. ಅಕ್ಕ "ಹಲೋ" ಎಂದದ್ದು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದಂತೆ ಕೇಳಿಸಿತು. ಅವರ ಮನೆಯ ಗೋಡೆ ಗಡಿಯಾರದ ಸದ್ದು ಕೇಳಿಸಿತು. ನನ್ನ ಗಂಡ ಕೆಮ್ಮಿದ್ದೂ ಕೇಳಿಸಿತು.

"ಅವಳ ಕೈಗೆ ಕೊಡಿ ಅಕ್ಕಾ," ಎಂದೆ.

"ಕೊಟ್ಟೆ ಮಾರಾಯ್ತಿ, ಕೊಟ್ಟೆ."

ಮಗಳ ಉಸಿರು ಕೇಳಿಸಿತು. ಅಷ್ಟು ದೂರದಿಂದ ಅವಳ ಉಸಿರು! ನನಗೆ ಕಣ್ಣು ತುಂಬಿ ಬಂತು. ದನಿಯನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ, "ಪುಟ್ಟೀ... ಎಂತ ಮಾಡ್ತಿದೀಯೇ ನನ್ನ ಚಿನ್ನಾ?" ಎಂದೆ.

ಉಸಿರು ನಿಂತಿತು.

"ಊಟ ಆಯ್ತಾ ಕಂದಾ? ಮಾತಾಡು."

ರಿಸೀವರ್ ಎಲ್ಲೋ ತಗುಲಿದ ಸದ್ದಾಯಿತು. ಆಮೇಲೆ ಮಗಳ ದನಿ, ನನಗಲ್ಲ, ಅಕ್ಕನಿಗೆ.

"ದೊಡ್ಡಮ್ಮಾ, ಯಾರೋ ಆಂಟಿ."

"ಆಂಟಿ ಅಲ್ಲ ಕಣೇ, ನಿನ್ನಮ್ಮ. ಮಾತಾಡು."

"ಅಮ್ಮ ಅಲ್ಲ," ಎಂದಳು ಮಗಳು, ಒಂದಿಷ್ಟೂ ಸಂಶಯವಿಲ್ಲದೆ. "ಫೋನಲ್ಲಿ ಅಮ್ಮ ಹಿಂಗೆ ಮಾತಾಡಲ್ಲ."

ಅತ್ತ ಗಂಡ ಏನೋ ಸಮಾಧಾನ ಹೇಳುತ್ತಿದ್ದರು. ಅಕ್ಕ, "ಕೊಡು ಪುಟ್ಟೀ, ನಾನು ಕೇಳಿ ಹೇಳ್ತೀನಿ," ಎನ್ನುತ್ತಿದ್ದರು. ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟರೆ ರಿಸೀವರ್ ಅಕ್ಕನ ಕೈಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಉಸಿರು ತುಂಬಿಕೊಂಡು ಹೊಸನಗರದ ಪೇಟೆ ಕೊನೆಯವರೆಗೆ ಕೇಳಿಸುವಂತೆ ಕೂಗಿದೆ.

"ಪುಟ್ಟೀ! ಊಟ ಮಾಡಿದ್ಯೇನೇ!"

"ಅಮ್ಮಾ!" ಎಂದು ಮಗಳು ಅಲ್ಲಿ ಕಿರುಚಿದಳು. "ದೊಡ್ಡಮ್ಮಾ, ಅಮ್ಮ ಬಂತು! ನಾ ಮಾತಾಡ್ತೀನಿ, ಬಿಡು, ನಂಗೆ ಬೇಕು!"

ಮ್ಯಾನೇಜರ್ ಓಡಿ ಬಂದು, "ಲೈನು ಚೆನ್ನಾಗೇ ಇದೆಯಲ್ಲ ಮೇಡಂ, ಯಾಕ್ ಕೂಗ್ತೀರಿ? ಮೇಲೆ ಗೆಸ್ಟ್ ಮಲಗಿದಾರೆ," ಎಂದರು. ನಾನು ಅವರಿಗೆ ಬೆನ್ನು ಹಾಕಿ ನಿಂತು, ಮೂರು ನಿಮಿಷ ಮುಗಿಯುವವರೆಗೂ ಕೂಗಿದೆ.